ಮನೋವಿಜ್ಞಾನ ಬೋಧನೆಯಲ್ಲಿ ವೈವಿಧ್ಯ ಮತ್ತು ಸಾಮಾಜಿಕ ನ್ಯಾಯ

ಮನೋವಿಜ್ಞಾನ ಬೋಧನೆಯಲ್ಲಿ ವೈವಿಧ್ಯ ಮತ್ತು ಸಾಮಾಜಿಕ ನ್ಯಾಯ ಎಂಬುದು ವಿಶ್ವವಿದ್ಯಾಲಯ ಮಟ್ಟದ ಮನೋವಿಜ್ಞಾನದ ಪಠ್ಯಕ್ರಮ, ಪ್ರಯೋಗಶಾಲೆ, ಕ್ಷೇತ್ರಕಾರ್ಯ ಮತ್ತು ಮೌಲ್ಯಮಾಪನಗಳಲ್ಲಿ ಜಾತಿ, ವರ್ಗ, ಲಿಂಗತ್ವ, ಧರ್ಮ, ಭಾಷೆ, ಅಂಗವೈಕಲ್ಯ ಹಾಗೂ ಗ್ರಾಮ-ನಗರ ಭೇದಗಳನ್ನು ಪರಿಗಣಿಸುವ ಶೈಕ್ಷಣಿಕ ವಿಧಾನವಾಗಿದೆ. ಇದು ಪಠ್ಯದ ಕೊನೆಗೆ ಒಂದು ಅಧ್ಯಾಯವನ್ನು ಸೇರಿಸುವ ಕ್ರಮವಲ್ಲ. ಮನುಷ್ಯನ ಮನಸ್ಸಿನ ಬಗ್ಗೆ ಸಾಮಾನ್ಯ ನಿಯಮವೆಂದು ಬೋಧಿಸಲಾಗುವ ತಿಳಿವು ಯಾರ ಬದುಕಿನ ಅಧ್ಯಯನದಿಂದ ಬಂದಿದೆ ಮತ್ತು ಅದನ್ನು ಯಾರ ಮೇಲೆ ಪ್ರಯೋಗಿಸಲಾಗುತ್ತಿದೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಅಧ್ಯಾಯದಲ್ಲಿಯೂ ಕೇಳುವುದು ಇದರ ತಿರುಳು.

ಕರ್ನಾಟಕದಲ್ಲಿ ಮನೋವಿಜ್ಞಾನ ಬೋಧನೆಗೆ ಒಂದು ಶತಮಾನದ ಇತಿಹಾಸವಿದೆ. ಬುದ್ಧಿಮಾಪನ, ಗ್ರಾಮೀಣ ಮಾನಸಿಕ ಆರೋಗ್ಯ ಮತ್ತು ಕಳಂಕದ ಅಧ್ಯಯನಗಳಲ್ಲಿ ರಾಜ್ಯದಲ್ಲಿ ನಡೆದ ಕೆಲಸವು ಈ ವಿಧಾನಕ್ಕೆ ನೇರ ಆಕರವನ್ನು ಒದಗಿಸುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಂತಹ ಪ್ರದೇಶವು ಸ್ಥಳೀಯ ಬದುಕನ್ನು ಬೋಧನೆಯೊಂದಿಗೆ ಹೇಗೆ ಜೋಡಿಸಬಹುದು ಎಂಬುದಕ್ಕೆ ಉದಾಹರಣೆಯಾಗಿದೆ.

ಪರಿಕಲ್ಪನೆ

ಈ ವಿಷಯದಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕಾಗುತ್ತದೆ. ವೈವಿಧ್ಯ ಎಂದರೆ ಜನಸಮುದಾಯಗಳ ನಡುವಿನ ಭಿನ್ನತೆ: ಮನೆಮಾತು, ಆಚರಣೆ, ಕುಟುಂಬದ ಸ್ವರೂಪ, ಕಸುಬು, ದೇಹದ ಸ್ಥಿತಿ ಇತ್ಯಾದಿ. ಸಾಮಾಜಿಕ ನ್ಯಾಯ ಎಂದರೆ ಆ ಭಿನ್ನತೆಗಳ ನೆಲೆಯಲ್ಲಿ ಅವಕಾಶ, ಗೌರವ ಮತ್ತು ಸಂಪನ್ಮೂಲಗಳು ಅಸಮಾನವಾಗಿ ಹಂಚಿಕೆಯಾಗಿರುವುದನ್ನು ಗುರುತಿಸಿ ಸರಿಪಡಿಸುವ ಗುರಿ. ಮೊದಲನೆಯದನ್ನು ಮಾತ್ರ ಬೋಧಿಸಿದರೆ ಹಬ್ಬ, ಉಡುಗೆ ಮತ್ತು ನಂಬಿಕೆಗಳ ಪಟ್ಟಿಯಷ್ಟೇ ಉಳಿಯುತ್ತದೆ. ಎರಡನೆಯದನ್ನು ಮಾತ್ರ ಬೋಧಿಸಿದರೆ ವ್ಯಕ್ತಿಯ ಅನುಭವ ಮರೆಯಾಗುವ ಸಾಧ್ಯತೆಯಿರುತ್ತದೆ.

ಜಾತಿಯು ಸಮಾಜಶಾಸ್ತ್ರದ ವಿಷಯವೇ ಹೊರತು ಮನೋವಿಜ್ಞಾನದ ವಿಷಯವಲ್ಲ ಎಂಬ ಗ್ರಹಿಕೆ ಬಹುಕಾಲ ಪ್ರಚಲಿತವಾಗಿತ್ತು. ಆದರೆ ಬಿ. ಆರ್. ಅಂಬೇಡ್ಕರ್ ಅವರು 1936ರಲ್ಲಿ ಪ್ರಕಟಿಸಿದ 'ಜಾತಿ ವಿನಾಶ' ಕೃತಿಯಲ್ಲಿಯೇ ಜಾತಿಯನ್ನು ಮನಸ್ಸಿನ ಒಂದು ಸ್ಥಿತಿಯಾಗಿ ವಿವರಿಸಿದ್ದರು. ಆ ಅರ್ಥದಲ್ಲಿ ಪೂರ್ವಗ್ರಹ, ಸ್ವಗೌರವ, ಅವಮಾನ ಮತ್ತು ಗುಂಪಿನ ಗುರುತು ಮನೋವಿಜ್ಞಾನದ ಮೂಲಭೂತ ವಿಷಯಗಳೇ ಆಗಿವೆ.

ಜಾಗತಿಕ ಹಿನ್ನೆಲೆ

ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಕಪ್ಪು ಮತ್ತು ಬಿಳಿ ಬಣ್ಣದ ಗೊಂಬೆಗಳನ್ನು ಬಳಸಿ ನಡೆಸಿದ ಪ್ರಯೋಗಗಳು ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿವೆ. ಅನೇಕ ಕಪ್ಪು ಮಕ್ಕಳು ಬಿಳಿಯ ಗೊಂಬೆಯನ್ನೇ ಒಳ್ಳೆಯದೆಂದು ಆಯ್ದುಕೊಂಡರು. ಶಾಲೆಗಳಲ್ಲಿನ ಜನಾಂಗೀಯ ಪ್ರತ್ಯೇಕತೆಯನ್ನು ಸಂವಿಧಾನಬಾಹಿರವೆಂದು ಸಾರಿದ 1954ರ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಈ ಅಧ್ಯಯನಗಳು ಉಲ್ಲೇಖಗೊಂಡವು. ಲ್ಯಾಟಿನ್ ಅಮೆರಿಕದಲ್ಲಿ ಇಗ್ನಾಸಿಯೊ ಮಾರ್ಟಿನ್-ಬಾರೊ ಅವರು ವಿಮೋಚನಾ ಮನೋವಿಜ್ಞಾನವನ್ನು ರೂಪಿಸಿದರು. ಎಲ್ ಸಾಲ್ವಡಾರ್‌ನ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಅವರನ್ನು 1989ರಲ್ಲಿ ಸೈನಿಕರು ಹತ್ಯೆ ಮಾಡಿದರು.

2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನವು, ಮನೋವಿಜ್ಞಾನದ ಬಹುಪಾಲು ಸಂಶೋಧನೆಗಳು ಪಾಶ್ಚಾತ್ಯ, ಶಿಕ್ಷಿತ, ಕೈಗಾರಿಕೀಕೃತ, ಶ್ರೀಮಂತ ಸಮಾಜಗಳ ಜನರ ಮೇಲೆ, ಅದರಲ್ಲಿಯೂ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದಿವೆ ಎಂಬುದನ್ನು ತೋರಿಸಿತು. ಅಂತಹ ಫಲಿತಾಂಶಗಳನ್ನು ಇಡೀ ಮಾನವಕುಲಕ್ಕೆ ಅನ್ವಯಿಸುವುದು ಸರಿಯಲ್ಲ ಎಂಬುದು ಅದರ ವಾದ. 2021ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಸಂಸ್ಥೆಯು ಜನಾಂಗೀಯ ತಾರತಮ್ಯವನ್ನು ಪೋಷಿಸಿದುದರಲ್ಲಿ ತನ್ನ ಮತ್ತು ತನ್ನ ಶಾಸ್ತ್ರದ ಪಾತ್ರಕ್ಕಾಗಿ ಕ್ಷಮೆ ಯಾಚಿಸಿತು. ಭಾರತದಲ್ಲಿ ದುರ್ಗಾನಂದ ಸಿನ್ಹಾ ಅವರು 1986ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪಶ್ಚಿಮದಿಂದ ಎರವಲು ತಂದ ಮನೋವಿಜ್ಞಾನವು ದೇಶದ ಬಡತನ ಮತ್ತು ಅಭಿವೃದ್ಧಿಯ ಸಮಸ್ಯೆಗಳೊಡನೆ ಸಂಬಂಧ ಬೆಳೆಸಿಕೊಳ್ಳಬೇಕಾದ ಅಗತ್ಯವನ್ನು ಚರ್ಚಿಸಿದರು.

ಕರ್ನಾಟಕದಲ್ಲಿ ಮನೋವಿಜ್ಞಾನ ಬೋಧನೆ

ಭಾರತದಲ್ಲಿ ಮೊದಲ ಮನೋವಿಜ್ಞಾನ ವಿಭಾಗವು 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾಲಯದ ವಿಭಾಗವು 1924ರಲ್ಲಿ ಎಂ. ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಪ್ರಾರಂಭವಾಗಿ ದೇಶದ ಆರಂಭಿಕ ಕೇಂದ್ರಗಳಲ್ಲಿ ಒಂದಾಯಿತು. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ತರಬೇತಿ ಪಡೆದಿದ್ದರು. ಮನುಷ್ಯನ ಎಲ್ಲ ಬೌದ್ಧಿಕ ಕೆಲಸಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಯ ಅಂಶವಿದೆ ಎಂಬ ಸಿದ್ಧಾಂತವನ್ನು ಮಂಡಿಸಿದವರು ಸ್ಪಿಯರ್‌ಮನ್. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಗೋಪಾಲಸ್ವಾಮಿ ಅವರೇ.

ಇದೇ ಕಾಲಘಟ್ಟದಲ್ಲಿ ಮೈಸೂರು ಸಂಸ್ಥಾನದಲ್ಲಿ ಸಾಮಾಜಿಕ ನ್ಯಾಯದ ಪ್ರಶ್ನೆಯೂ ಆಡಳಿತದ ಮುಂದಿತ್ತು. ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ 1918ರಲ್ಲಿ ನೇಮಕವಾದ ಸಮಿತಿಯು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಹೆಚ್ಚಿಸಲು ಶಿಫಾರಸು ಮಾಡಿತು. ಪ್ರತಿಭೆ ಎಂದರೇನು, ಅದು ಹುಟ್ಟಿನಿಂದ ಬರುವುದೋ ಅವಕಾಶದಿಂದ ಬೆಳೆಯುವುದೋ ಎಂಬ ಚರ್ಚೆ ಸಂಸ್ಥಾನದ ಸಾರ್ವಜನಿಕ ಜೀವನದಲ್ಲಿ ನಡೆಯುತ್ತಿದ್ದಾಗಲೇ ಬುದ್ಧಿಯನ್ನು ಅಳೆಯುವ ಶಾಸ್ತ್ರವು ಅದರ ವಿಶ್ವವಿದ್ಯಾಲಯದೊಳಗೆ ಪ್ರವೇಶಿಸಿತು. ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳಾಗಿದ್ದರೂ ಪಠ್ಯಕ್ರಮಗಳಲ್ಲಿ ಅವುಗಳನ್ನು ಸಾಮಾನ್ಯವಾಗಿ ಬೇರೆಬೇರೆ ವಿಷಯಗಳಡಿ ಕಲಿಸಲಾಗುತ್ತದೆ.

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಇದು ರಾಜ್ಯದ ಮಾನಸಿಕ ಆಸ್ಪತ್ರೆಯೊಂದಿಗೆ ವಿಲೀನಗೊಂಡು 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಚಿಕಿತ್ಸಾ ಮನೋವಿಜ್ಞಾನದ ತರಬೇತಿಯಲ್ಲಿ ಈ ಸಂಸ್ಥೆಯು ದೇಶದ ಪ್ರಮುಖ ಕೇಂದ್ರವಾಗಿದೆ.

ಅಳತೆಗೋಲುಗಳ ಪ್ರಶ್ನೆ

ವೈವಿಧ್ಯದ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಎದುರಾಗುವುದು ಮನೋವೈಜ್ಞಾನಿಕ ಪರೀಕ್ಷೆಗಳಲ್ಲಿ. ಯಾವುದೇ ಪರೀಕ್ಷೆಯ ಅಂಕಕ್ಕೆ ಸ್ವತಂತ್ರವಾದ ಅರ್ಥವಿರುವುದಿಲ್ಲ. ಪರೀಕ್ಷೆಯನ್ನು ಪ್ರಮಾಣೀಕರಿಸುವಾಗ ಆಯ್ದುಕೊಂಡ ಜನರ ಸರಾಸರಿಯೊಂದಿಗೆ, ಅಂದರೆ ಮಾನಕದೊಂದಿಗೆ, ಹೋಲಿಸಿದಾಗ ಮಾತ್ರ ಅದು ಹೆಚ್ಚೋ ಕಡಿಮೆಯೋ ಎಂದು ಹೇಳಲು ಸಾಧ್ಯ. ಆದ್ದರಿಂದ ಮಾನಕದಲ್ಲಿ ಯಾರು ಸೇರಿದ್ದಾರೆ ಎಂಬುದು ತಾಂತ್ರಿಕ ಪ್ರಶ್ನೆಯಾಗಿರುವಂತೆಯೇ ನ್ಯಾಯದ ಪ್ರಶ್ನೆಯೂ ಆಗಿದೆ.

ವಿ. ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಧಾರವಾಡ ಭಾಗದಲ್ಲಿ ಅಳವಡಿಸಿದರು. ಈ ಕುರಿತ ಅವರ ಗ್ರಂಥವು 1940ರಲ್ಲಿ ಪ್ರಕಟವಾಯಿತು. ವಿದೇಶಿ ಪರೀಕ್ಷೆಯನ್ನು ಹಾಗೆಯೇ ಬಳಸದೆ ಸ್ಥಳೀಯ ಭಾಷೆ ಮತ್ತು ಮಕ್ಕಳ ಪರಿಸರಕ್ಕೆ ಹೊಂದಿಸಿದ ಈ ಪ್ರಯತ್ನವು ಅಂದಿಗೆ ಮಹತ್ತರವಾಗಿತ್ತು. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾದ ಇದು ಮುಂದೆ ದೇಶದ ಇತರ ಭಾಷೆಗಳಿಗೂ ಹರಡಿ ಆಸ್ಪತ್ರೆ, ಶಾಲೆ ಮತ್ತು ಕಾಲೇಜು ಪ್ರಯೋಗಶಾಲೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದೆ. ಒಂದು ಕಾಲದ, ಒಂದು ಪ್ರದೇಶದ ಶಾಲಾಮಕ್ಕಳ ಮಾನಕವು ಇನ್ನೊಂದು ಕಾಲದ, ಇನ್ನೊಂದು ಸಮುದಾಯದ ಮಗುವಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಈ ಪರೀಕ್ಷೆಯನ್ನು ಕಲಿಸುವಾಗ ಚರ್ಚೆಗೆ ಬರಬೇಕಾದ ವಿಷಯ.

ಇಲ್ಲಿ ತಪ್ಪು ಎರಡು ದಿಕ್ಕಿನಲ್ಲಿ ಸಂಭವಿಸಬಹುದು. ಪರೀಕ್ಷೆಯ ಭಾಷೆ ಅಥವಾ ವಸ್ತುಗಳ ಪರಿಚಯವಿಲ್ಲದ ಮಗುವಿಗೆ ಬೌದ್ಧಿಕ ಅಂಗವೈಕಲ್ಯವಿದೆ ಎಂಬ ಹಣೆಪಟ್ಟಿ ಬೀಳಬಹುದು. ಇದಕ್ಕೆ ಪ್ರತಿಯಾಗಿ, ನಿಜವಾಗಿಯೂ ಅಂಗವೈಕಲ್ಯವಿರುವ ಬಡ ಮಗುವಿನ ತೊಂದರೆಯನ್ನು ಓದಿಲ್ಲದ ಮನೆಯ ಪರಿಣಾಮವೆಂದು ತಳ್ಳಿಹಾಕಿ, ಅದಕ್ಕೆ ಸಿಗಬೇಕಾದ ಪ್ರಮಾಣಪತ್ರ, ಮಾಸಾಶನ ಮತ್ತು ವಿಶೇಷ ಶಿಕ್ಷಣವನ್ನು ತಪ್ಪಿಸಬಹುದು. ಆದ್ದರಿಂದ ಪರೀಕ್ಷೆಗಳನ್ನು ತಿರಸ್ಕರಿಸುವುದು ಪರಿಹಾರವಲ್ಲ. ಮಾತನ್ನು ಹೆಚ್ಚು ಅವಲಂಬಿಸದ ಪರೀಕ್ಷೆಗಳು, ಮಗುವಿನ ದಿನನಿತ್ಯದ ನಡವಳಿಕೆಯ ಮಾಹಿತಿ ಮತ್ತು ಪೋಷಕರ ಸಂದರ್ಶನಗಳನ್ನು ಒಟ್ಟಿಗೆ ಇಟ್ಟು ನಿರ್ಣಯಿಸುವ ಅಭ್ಯಾಸವನ್ನು ಬೆಳೆಸುವುದು ಬೋಧನೆಯ ಗುರಿಯಾಗಿರುತ್ತದೆ.

2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ನರಮನೋವೈಜ್ಞಾನಿಕ ಪರೀಕ್ಷಾ ಸರಣಿಯು ವಯಸ್ಸು, ಲಿಂಗ ಮತ್ತು ಶಿಕ್ಷಣದ ಮಟ್ಟಕ್ಕೆ ಅನುಗುಣವಾಗಿ ಬೇರೆಬೇರೆ ಮಾನಕಗಳನ್ನು ನೀಡುತ್ತದೆ. ಅಕ್ಷರ ಬಾರದವರಿಗೂ ಅದರಲ್ಲಿ ಮಾನಕಗಳಿವೆ. ಅಕ್ಷರ ತಿಳಿಯದಿರುವುದನ್ನು ಮೆದುಳಿನ ದೋಷವೆಂದು ತಪ್ಪಾಗಿ ಎಣಿಸದಿರಲು ಇಂತಹ ವ್ಯವಸ್ಥೆ ನೆರವಾಗುತ್ತದೆ.

ಸಾಮಾಜಿಕ-ಆರ್ಥಿಕ ಸ್ಥಿತಿಯನ್ನು ಅಳೆಯುವ ಮಾಪಕಗಳೂ ಇದೇ ಪ್ರಶ್ನೆಯನ್ನು ಎತ್ತುತ್ತವೆ. ಬಿ. ಕುಪ್ಪುಸ್ವಾಮಿ ಅವರ ಹೆಸರಿನ ಮಾಪಕವು ನಗರದ ಕುಟುಂಬಗಳಿಗಾಗಿ ರೂಪುಗೊಂಡಿದ್ದು, ಶಿಕ್ಷಣ, ಉದ್ಯೋಗ ಮತ್ತು ಆದಾಯವನ್ನು ಗಣಿಸುತ್ತದೆ. 1964ರಲ್ಲಿ ಉದಯ್ ಪಾರೀಕ್ ಮತ್ತು ಜಿ. ತ್ರಿವೇದಿ ರೂಪಿಸಿದ ಗ್ರಾಮೀಣ ಮಾಪಕವು ಜಮೀನು, ಮನೆ, ಕೃಷಿ ಸಾಧನಗಳ ಜೊತೆಗೆ ಜಾತಿಯನ್ನೂ ಒಂದು ಅಂಶವಾಗಿ ಪರಿಗಣಿಸುತ್ತದೆ. ಒಂದೇ ಮನೆಯನ್ನು ಈ ಎರಡು ಮಾಪಕಗಳಿಂದ ಅಳೆದು ಫಲಿತಾಂಶವನ್ನು ಹೋಲಿಸುವುದು ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಅಭ್ಯಾಸ. ಯಾವುದನ್ನು ಎಣಿಸಬೇಕು ಎಂಬ ನಿರ್ಧಾರವು ಅಳತೆಗೆ ಮೊದಲೇ ಆಗಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕರ್ನಾಟಕದ ಪ್ರಮುಖ ಅಧ್ಯಯನಗಳು

ರಾಜ್ಯದಲ್ಲಿ ನಡೆದ ಕೆಲವು ಅಧ್ಯಯನಗಳು ಸಮುದಾಯ ಮತ್ತು ಮನಸ್ಸಿನ ಸಂಬಂಧವನ್ನು ಬೋಧಿಸಲು ಸೂಕ್ತವಾಗಿವೆ.

ಕೋಟ ಅಧ್ಯಯನ: ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಕರಾವಳಿಯ ಕೋಟ ಗ್ರಾಮದಲ್ಲಿ ನಡೆಸಿದ ಅಧ್ಯಯನವು 1976ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ನಡುವೆ ಮಾನಸಿಕ ತೊಂದರೆಗಳು ಹೇಗೆ ಭಿನ್ನವಾಗಿವೆ, ಸಾಮಾಜಿಕ ಬದಲಾವಣೆಗೂ ಅವುಗಳಿಗೂ ಇರುವ ಸಂಬಂಧವೇನು ಎಂಬುದನ್ನು ಅದು ಪರಿಶೀಲಿಸಿತು. ಹಳ್ಳಿಯ ಜನರು ವೈದ್ಯರ ಜೊತೆಗೆ ಮಂತ್ರವಾದಿಗಳನ್ನೂ ಪಾತ್ರಿಗಳನ್ನೂ ಕಾಣುತ್ತಿದ್ದುದು ಅಲ್ಲಿ ದಾಖಲಾಯಿತು.

ಹವ್ಯಕ ಮಹಿಳೆಯರ ಅಧ್ಯಯನ: ಹೆಲೆನ್ ಉಲ್ರಿಚ್ ಅವರು ಮಲೆನಾಡಿನ ಹಳ್ಳಿಯೊಂದರಲ್ಲಿ ಹವ್ಯಕ ಬ್ರಾಹ್ಮಣ ಮಹಿಳೆಯರ ಬದುಕು ಮತ್ತು ಖಿನ್ನತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಮೇಲ್ಜಾತಿ ಎಂದು ಎಣಿಸಲಾಗುವ ಸಮುದಾಯದೊಳಗೂ ಲಿಂಗತ್ವದ ಅಸಮಾನತೆ ಮನಸ್ಸಿನ ಆರೋಗ್ಯವನ್ನು ಬಾಧಿಸುವ ಬಗೆಯನ್ನು ಇದು ಮುಂದಿಡುತ್ತದೆ. ಒಬ್ಬ ವ್ಯಕ್ತಿ ಒಂದು ಅಂಶದಲ್ಲಿ ಬಲಶಾಲಿಯಾಗಿದ್ದು ಇನ್ನೊಂದರಲ್ಲಿ ದುರ್ಬಲರಾಗಿರಬಹುದು ಎಂಬ ಅಂತರ್‌ಛೇದನದ ಕಲ್ಪನೆಗೆ ಇದು ಹತ್ತಿರದ ನಿದರ್ಶನ.

ಕಳಂಕದ ಅಧ್ಯಯನ: ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವು, ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದ ರೋಗಿಗಳಲ್ಲಿ ಕಳಂಕದ ಭಾವನೆಯೂ ಹೆಚ್ಚಿತ್ತು, ದೈಹಿಕ ಲಕ್ಷಣಗಳು ಪ್ರಧಾನವಾಗಿದ್ದವರಲ್ಲಿ ಅದು ಕಡಿಮೆಯಿತ್ತು ಎಂಬುದನ್ನು ಕಂಡುಕೊಂಡಿತು. ಮೈಕೈ ನೋವು, ಎದೆಭಾರ, ಸುಸ್ತು ಎಂದು ಹೇಳಿಕೊಳ್ಳುವುದು ಅಜ್ಞಾನದ ಗುರುತಲ್ಲ, ಸಮಾಜದಲ್ಲಿ ಮಾನ ಉಳಿಸಿಕೊಂಡು ನೆರವು ಕೇಳುವ ಮಾರ್ಗವೂ ಆಗಿರಬಹುದು ಎಂಬ ವಿವರಣೆಗೆ ಇದು ಎಡೆಮಾಡುತ್ತದೆ.

ಬಳ್ಳಾರಿ ಮಾದರಿ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ಕೊಂಡೊಯ್ಯುವ ಪ್ರಯೋಗ ನಡೆಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಚಿಕಿತ್ಸೆ ಯಾರಿಗೆ ಎಟುಕುತ್ತದೆ ಎಂಬ ನ್ಯಾಯದ ಪ್ರಶ್ನೆಗೆ ಆಡಳಿತದ ಮಟ್ಟದಲ್ಲಿ ದೊರೆತ ಉತ್ತರಗಳಲ್ಲಿ ಇದು ಮುಖ್ಯವಾದುದು. ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿದ್ದು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ರಾಮನಗರ ಪ್ರದೇಶ: ಒಂದು ಉದಾಹರಣೆ

ರಾಮನಗರ ಜಿಲ್ಲೆಯು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡು ರಚನೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರವು ಇದನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಸಿತು. ಮಹಾನಗರದ ಅಂಚಿನಲ್ಲಿದ್ದರೂ ಕೃಷಿ, ರೇಷ್ಮೆ, ಕುಶಲಕಲೆ, ಕಾಡು ಮತ್ತು ಕಾರ್ಖಾನೆಗಳ ಬದುಕು ಇಲ್ಲಿ ಒಟ್ಟಿಗಿದೆ. ಇಲ್ಲಿನ ಕಾಲೇಜುಗಳಲ್ಲಿ ಪದವಿಗೆ ಬರುವ ಅನೇಕರು ತಮ್ಮ ಕುಟುಂಬದ ಮೊದಲ ಪದವೀಧರರು. ಪಠ್ಯಪುಸ್ತಕದ ಪರಿಕಲ್ಪನೆಗಳನ್ನು ಈ ನಾಲ್ಕು ತಾಲ್ಲೂಕುಗಳ ಬದುಕಿನೊಂದಿಗೆ ಜೋಡಿಸುವ ಸಾಧ್ಯತೆಗಳನ್ನು ಕೆಳಗೆ ವಿವರಿಸಲಾಗಿದೆ.

ರಾಮನಗರ: ಪಟ್ಟಣದ ರೇಷ್ಮೆಗೂಡಿನ ಮಾರುಕಟ್ಟೆ ಪ್ರಸಿದ್ಧವಾಗಿದೆ. ಹಿಪ್ಪುನೇರಳೆ ಬೆಳೆಯುವ ರೈತರು, ಗೂಡು ಕೊಳ್ಳುವ ರೀಲರುಗಳು ಮತ್ತು ನೂಲು ಬಿಚ್ಚುವ ಘಟಕಗಳ ಕಾರ್ಮಿಕರು ಒಂದೇ ಉದ್ದಿಮೆಯ ಬೇರೆಬೇರೆ ಸ್ತರಗಳಲ್ಲಿದ್ದಾರೆ. ನೂಲು ಬಿಚ್ಚುವ ಕೆಲಸದಲ್ಲಿ ಉರ್ದು ಮನೆಮಾತಿನ ಮುಸ್ಲಿಂ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿವೆ. ಕನ್ನಡದಲ್ಲಿ ಮಾತ್ರ ಇರುವ ಪ್ರಶ್ನಾವಳಿ ಇಂತಹ ಮನೆಯ ಮಗುವಿನ ಶಬ್ದಸಂಪತ್ತನ್ನು ಅರ್ಧ ಮಾತ್ರ ಅಳೆಯುತ್ತದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ದಿಮೆಯಲ್ಲಿ ಸಾಲಕ್ಕಾಗಿ ಜೀತಕ್ಕಿದ್ದ ಮಕ್ಕಳ ಸ್ಥಿತಿಯನ್ನು ದಾಖಲಿಸಿತ್ತು. ಬೆಳವಣಿಗೆಯ ಮನೋವಿಜ್ಞಾನವು ಬಾಲ್ಯವನ್ನು ಆಟ ಮತ್ತು ಶಾಲೆಯ ಕಾಲವೆಂದು ವರ್ಣಿಸುವಾಗ, ಬಾಲ್ಯ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ಸೇರಿಸಿ ಹೇಳಲು ಈ ಇತಿಹಾಸ ನೆರವಾಗುತ್ತದೆ.

ಮಾರುಕಟ್ಟೆಯು ಬುದ್ಧಿಯ ಅಧ್ಯಯನಕ್ಕೂ ವಸ್ತುವಾಗಿದೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರಾಟ ಮಾಡುತ್ತಿದ್ದ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಿಗೆ ಶೇಕಡ 98ರಷ್ಟು ಸರಿಯುತ್ತರ ನೀಡಿದ ಮಕ್ಕಳು, ಅದೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಕೊಟ್ಟಾಗ ಶೇಕಡ 37ರಷ್ಟು ಮಾತ್ರ ಸರಿಯಾಗಿ ಮಾಡಿದರು. ಹರಾಜಿನಲ್ಲಿ ಗೂಡಿನ ಗುಣಮಟ್ಟ ಮತ್ತು ಬೆಲೆಯನ್ನು ಕ್ಷಣಮಾತ್ರದಲ್ಲಿ ಅಂದಾಜಿಸುವವರ ಜಾಣ್ಮೆಯನ್ನು ಇದೇ ದೃಷ್ಟಿಯಿಂದ ಗಮನಿಸಬಹುದು.

ಚನ್ನಪಟ್ಟಣ: ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ತಯಾರಿಸುವ ಇಲ್ಲಿನ ಆಟಿಕೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಮುಸ್ಲಿಂ ಕುಶಲಕರ್ಮಿಗಳೂ ಮಹಿಳೆಯರೂ ಸೇರಿದಂತೆ ಅನೇಕ ಕುಟುಂಬಗಳು ಈ ಕಸುಬನ್ನು ನಂಬಿವೆ. ಕಣ್ಣಳತೆ, ಕೈಯ ಹದ ಮತ್ತು ನೋಡಿ ಕಲಿಯುವ ಕ್ರಮವು ಕಲಿಕೆಯ ಸಿದ್ಧಾಂತಗಳನ್ನು ವಿವರಿಸಲು ಸಹಾಯಕವಾಗಿವೆ. ಕ್ಲಾರ್ಕ್ ದಂಪತಿಗಳ ಗೊಂಬೆ ಪ್ರಯೋಗವನ್ನು ಬೋಧಿಸುವಾಗ, ಮಕ್ಕಳ ಕೈಗೆ ಬರುವ ಗೊಂಬೆಯ ಬಣ್ಣ, ಉಡುಗೆ ಮತ್ತು ರೂಪದಲ್ಲಿ ಯಾರ ಪ್ರತಿಬಿಂಬವಿದೆ ಎಂಬ ಪ್ರಶ್ನೆಯನ್ನು ಗೊಂಬೆಗಳ ಊರಾದ ಚನ್ನಪಟ್ಟಣದಲ್ಲಿ ಸಹಜವಾಗಿ ಎತ್ತಬಹುದು.

ಕನಕಪುರ: ಈ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಆನೆಗಳಿಂದ ಬೆಳೆಹಾನಿ ಮತ್ತು ಪ್ರಾಣಹಾನಿಯ ಭಯ ನಿತ್ಯದ ಸಂಗತಿ. ರಾತ್ರಿ ಕಾವಲು, ನಿದ್ದೆಗೇಡು ಮತ್ತು ಅನಿಶ್ಚಿತ ಆದಾಯಗಳು ಒತ್ತಡದ ಮನೋವಿಜ್ಞಾನಕ್ಕೆ ಸೇರಿದ ವಿಷಯಗಳು. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು, ಅದೇ ರೈತರು ಕಟಾವಿನ ನಂತರ ಕೈಯಲ್ಲಿ ಹಣವಿದ್ದಾಗಿನದಕ್ಕಿಂತ ಕಟಾವಿಗೆ ಮೊದಲು ಬೌದ್ಧಿಕ ಪರೀಕ್ಷೆಗಳಲ್ಲಿ ಕಡಿಮೆ ಸಾಧನೆ ತೋರಿದರೆಂದು ವರದಿ ಮಾಡಿತು. ಬಡವರು ಸರಿಯಾಗಿ ಯೋಚಿಸದೆ ಬಡವರಾಗಿದ್ದಾರೆ ಎಂಬ ಸಾಮಾನ್ಯ ನಂಬಿಕೆಯನ್ನು ಈ ಅಧ್ಯಯನ ತಿರುಗಿಸಿ ನೋಡುತ್ತದೆ: ಬಡತನವೇ ಯೋಚನೆಯ ಮೇಲೆ ಹೊರೆಯಾಗಿರಬಹುದು.

ಮಾಗಡಿ: ಮಾಗಡಿ, ರಾಮನಗರ ಮತ್ತು ಕನಕಪುರ ಭಾಗಗಳಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಇರುಳಿಗರು ನೆಲೆಸಿದ್ದಾರೆ. ಕಾಡಿನೊಂದಿಗೆ ಬದುಕಿದ ಈ ಸಮುದಾಯದ ಜ್ಞಾನ ಮತ್ತು ಅದು ಅನುಭವಿಸಿದ ಸ್ಥಳಾಂತರ ಸಾಮಾನ್ಯ ಪಠ್ಯಪುಸ್ತಕಗಳಲ್ಲಿ ಕಾಣಿಸುವುದಿಲ್ಲ. ಕವಿ ಸಿದ್ಧಲಿಂಗಯ್ಯ (1954-2021) ಅವರು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅವರ ಆತ್ಮಕಥೆ 'ಊರುಕೇರಿ'ಯು ದಲಿತ ಬಾಲ್ಯದ ಅನುಭವಗಳನ್ನು ಹಾಸ್ಯವನ್ನು ಬಿಡದೆ ನಿರೂಪಿಸುತ್ತದೆ. ಅವಮಾನ, ಸ್ವಗೌರವ, ಗುರುತಿನ ರಚನೆ ಮತ್ತು ಸಂಕಷ್ಟದ ನಡುವೆ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಬಗೆಗಳನ್ನು ಚರ್ಚಿಸಲು ಇಂತಹ ಕೃತಿಗಳು ಮನೋವಿಜ್ಞಾನದ ತರಗತಿಯಲ್ಲಿ ಆಕರವಾಗಬಲ್ಲವು.

ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು ಗ್ರಾಮೀಣ ವಸ್ತುಗಳು ಮತ್ತು ಕಲೆಗಳ ಸಂಗ್ರಹಾಲಯವಾಗಿದ್ದು, ಸಾಂಸ್ಕೃತಿಕ ಮನೋವಿಜ್ಞಾನದ ಕ್ಷೇತ್ರಭೇಟಿಗೆ ಅನುಕೂಲವಾಗಿದೆ.

ಬೋಧನಾ ವಿಧಾನಗಳು

ಈ ವಿಷಯವನ್ನು ಅಳವಡಿಸುವಾಗ ಸಾಮಾನ್ಯವಾಗಿ ಬಳಸಬಹುದಾದ ವಿಧಾನಗಳು ಹೀಗಿವೆ.

ಪ್ರಯೋಗಶಾಲೆಯ ಮರುಓದು: ಪದವಿ ತರಗತಿಗಳಲ್ಲಿ ನಡೆಸುವ ಮುಲ್ಲರ್-ಲೈಯರ್ ಭ್ರಮೆಯ ಪ್ರಯೋಗವನ್ನು ಇದಕ್ಕೆ ಉದಾಹರಣೆಯಾಗಿ ನೀಡಬಹುದು. 1966ರಲ್ಲಿ ಸೆಗಾಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಈ ಭ್ರಮೆಯ ತೀವ್ರತೆಯು ಸಮಾಜದಿಂದ ಸಮಾಜಕ್ಕೆ ಬದಲಾಗುವುದು ಕಂಡುಬಂದಿತು. ಎರಡು ಗೆರೆಗಳ ಉದ್ದವನ್ನು ನೋಡುವ ಸರಳ ಕ್ರಿಯೆಯಲ್ಲಿಯೂ ಬೆಳೆದ ಪರಿಸರದ ಪಾತ್ರವಿರಬಹುದೇ ಎಂಬ ಚರ್ಚೆಗೆ ಇದು ದಾರಿಮಾಡುತ್ತದೆ.

ಭಾರತೀಯ ಪ್ರಯೋಗಗಳ ಬಳಕೆ: ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು ಉತ್ತರ ಪ್ರದೇಶದ ಹಳ್ಳಿಗಳ 6 ಮತ್ತು 7ನೆಯ ತರಗತಿಯ ಹುಡುಗರಿಗೆ ಚಕ್ರವ್ಯೂಹದಂತಹ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿಯನ್ನು ಪ್ರಕಟಿಸದಿದ್ದಾಗ ಮೇಲ್ಜಾತಿ ಮತ್ತು ಕೆಳಜಾತಿಯೆಂದು ಎಣಿಸಲಾದ ಹುಡುಗರ ಸಾಧನೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಜಾತಿಯನ್ನು ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನವು, ತರಗತಿಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿಸಹಿತವಾಗಿ ಗಟ್ಟಿಯಾಗಿ ಓದುವಂತಹ ಸಣ್ಣ ನಡೆಗೂ ಪರಿಣಾಮವಿರಬಹುದು ಎಂಬ ಎಚ್ಚರವನ್ನು ಅಧ್ಯಾಪಕರಿಗೆ ನೀಡುತ್ತದೆ.

ಪ್ರಕರಣ ಅಧ್ಯಯನ: ರೋಗಲಕ್ಷಣಗಳ ಜೊತೆಗೆ ವ್ಯಕ್ತಿಯ ಕೆಲಸ, ಸಾಲ, ಮನೆ, ಸಮುದಾಯ ಮತ್ತು ತಾರತಮ್ಯದ ಅನುಭವಗಳನ್ನು ದಾಖಲಿಸಲು ವಿದ್ಯಾರ್ಥಿಗಳಿಗೆ ತರಬೇತಿ ನೀಡಲಾಗುತ್ತದೆ.

ಕ್ಷೇತ್ರಕಾರ್ಯ: ಸಮುದಾಯದ ಒಪ್ಪಿಗೆ, ಮಾಹಿತಿಯ ಗೋಪ್ಯತೆ ಮತ್ತು ಫಲಿತಾಂಶವನ್ನು ಆ ಜನರಿಗೇ ತಿಳಿಸುವುದು ಇದರ ಮೂಲ ನಿಯಮಗಳು. ಸಣ್ಣ ಊರುಗಳಲ್ಲಿ ಹೆಸರು ಬದಲಿಸಿದರೂ ವಿವರಗಳಿಂದ ವ್ಯಕ್ತಿಯ ಗುರುತು ಸಿಗುವ ಸಾಧ್ಯತೆಯಿರುವುದರಿಂದ ಹೆಚ್ಚಿನ ಎಚ್ಚರಿಕೆ ಅಗತ್ಯ.

ಭಾಷೆಯ ಪಾತ್ರ

ಉನ್ನತ ಶಿಕ್ಷಣದಲ್ಲಿ ಮನೋವಿಜ್ಞಾನವು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬೋಧನೆಯಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಇದು ಎರಡು ಹೊರೆಗಳನ್ನು ಹೊರಿಸುತ್ತದೆ: ವಿಷಯವನ್ನು ಕಲಿಯಬೇಕು, ಜೊತೆಗೆ ಅದರ ಭಾಷೆಯನ್ನೂ ಕಲಿಯಬೇಕು. ಆದರೆ ಮುಂದೆ ಆಪ್ತಸಮಾಲೋಚಕರಾದಾಗ ಅವರ ಮುಂದೆ ಕುಳಿತವರು ಮಾತನಾಡುವುದು ಕನ್ನಡ, ಉರ್ದು, ತೆಲುಗು ಅಥವಾ ತಮಿಳಿನಲ್ಲಿ. 'ಖಿನ್ನತೆ' ಎಂಬ ಶಾಸ್ತ್ರೀಯ ಪದಕ್ಕಿಂತ 'ಬೇಜಾರು', 'ಮನಸ್ಸಿಗೆ ನೆಮ್ಮದಿಯಿಲ್ಲ', 'ಎದೆ ಭಾರ', 'ಯಾವುದೂ ಬೇಡ ಅನ್ನಿಸುತ್ತೆ' ಎಂಬ ಮಾತುಗಳೇ ಬಳಕೆಯಲ್ಲಿವೆ. ಆದ್ದರಿಂದ ಜನರ ಮಾತಿನಲ್ಲಿರುವ ಸಂಕಟದ ನುಡಿಗಟ್ಟುಗಳನ್ನು ಸಂಗ್ರಹಿಸಿ ಶಾಸ್ತ್ರದ ಪರಿಭಾಷೆಯೊಂದಿಗೆ ಹೋಲಿಸುವುದು ಕಲಿಕೆಯ ಭಾಗವಾಗಬೇಕೆಂಬ ಅಭಿಪ್ರಾಯವಿದೆ. ಇಂತಹ ಸಂದರ್ಭದಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಯ ಭಾಷೆ ಕೊರತೆಯಾಗುವ ಬದಲು ವೃತ್ತಿಯ ಬಂಡವಾಳವಾಗುತ್ತದೆ.

ಕನ್ನಡದಲ್ಲಿ ಮನಸ್ಸಿನ ವಿಜ್ಞಾನವನ್ನು ಬರೆಯುವ ಪರಂಪರೆ ಈಗಾಗಲೇ ಇದೆ. 'ರಾಶಿ' ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಕುರಿತು ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ರಚಿಸಿದ್ದಾರೆ.

ಕಾನೂನಿನ ಚೌಕಟ್ಟು

ಭಾರತದ ಹಲವು ಕಾನೂನು ಮತ್ತು ತೀರ್ಪುಗಳು ಈ ವಿಷಯವನ್ನು ಐಚ್ಛಿಕ ಆಸಕ್ತಿಯ ಮಟ್ಟದಿಂದ ವೃತ್ತಿಪರ ಕರ್ತವ್ಯದ ಮಟ್ಟಕ್ಕೆ ತಂದಿವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5ರಷ್ಟು ಸ್ಥಾನಗಳನ್ನು ಮೀಸಲಿರಿಸಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಲಿಂಗ, ಲೈಂಗಿಕ ಒಲವು, ಧರ್ಮ, ಸಂಸ್ಕೃತಿ, ಜಾತಿ, ವರ್ಗ ಮತ್ತು ಅಂಗವೈಕಲ್ಯಗಳ ಆಧಾರದಲ್ಲಿ ತಾರತಮ್ಯವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನು ನೀಡುತ್ತದೆ. ವ್ಯಕ್ತಿಯ ರಾಜಕೀಯ, ಆರ್ಥಿಕ ಅಥವಾ ಸಾಮಾಜಿಕ ಸ್ಥಾನವನ್ನು ಆಧರಿಸಿ ಮಾನಸಿಕ ಅಸ್ವಸ್ಥತೆಯನ್ನು ನಿರ್ಧರಿಸಬಾರದೆಂದೂ ಹೇಳುತ್ತದೆ.

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಮಾನ್ಯ ಮಾಡಿತು. ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು 2018ರಲ್ಲಿ ತೀರ್ಪಿತ್ತಿತು. ಮದ್ರಾಸ್ ಉಚ್ಚ ನ್ಯಾಯಾಲಯದ 2021ರ ಆದೇಶದ ನಂತರ, ಲೈಂಗಿಕ ಒಲವನ್ನು ಬದಲಿಸುವುದಾಗಿ ಹೇಳುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೈದ್ಯರ ವೃತ್ತಿಪರ ದುರ್ನಡತೆಯೆಂದು ಪರಿಗಣಿಸಿತು. ಕರ್ನಾಟಕವು 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1ರಷ್ಟು ಮೀಸಲಾತಿ ನೀಡಿತು. ಸಲಿಂಗಾಸಕ್ತಿಯನ್ನು ಕಾಯಿಲೆಯೆಂದು ವಿವರಿಸುವ ಹಳೆಯ ಪಠ್ಯಗಳನ್ನು ಓದಿದ ವಿದ್ಯಾರ್ಥಿ ಈ ಬದಲಾವಣೆಯನ್ನು ಅರಿಯದೆ ವೃತ್ತಿಗೆ ಇಳಿದರೆ ನೆರವು ಕೇಳಿ ಬಂದವರಿಗೆ ಹಾನಿಯಾಗುತ್ತದೆ.

ಟೀಕೆಗಳು ಮತ್ತು ಮಿತಿಗಳು

ಈ ವಿಧಾನದ ಬಗ್ಗೆ ಹಲವು ಆಕ್ಷೇಪಗಳಿವೆ. ವಿಜ್ಞಾನವು ಮೌಲ್ಯನಿರಪೇಕ್ಷವಾಗಿರಬೇಕು, ತರಗತಿಗೆ ರಾಜಕೀಯ ಬರಬಾರದು ಎಂಬುದು ಮೊದಲನೆಯದು. ಯಾರನ್ನು ಮಾನಕವೆಂದು ಆಯ್ದುಕೊಳ್ಳಬೇಕು ಎಂಬ ನಿರ್ಧಾರದಲ್ಲಿಯೇ ಮೌಲ್ಯಗಳು ಅಡಗಿರುವುದರಿಂದ ಅವುಗಳನ್ನು ಬಹಿರಂಗವಾಗಿ ಪರಿಶೀಲಿಸುವುದೇ ಹೆಚ್ಚು ವೈಜ್ಞಾನಿಕ ಎಂಬುದು ಇದಕ್ಕೆ ನೀಡಲಾಗುವ ಉತ್ತರ.

ಎರಡನೆಯದಾಗಿ, ಸಮುದಾಯಗಳ ಬಗ್ಗೆ ಬೋಧಿಸುವುದೇ ಹೊಸ ಪಡಿಯಚ್ಚುಗಳನ್ನು ಸೃಷ್ಟಿಸಬಹುದು. ಇರುಳಿಗರು ಹೀಗೆ, ಮುಸ್ಲಿಮರು ಹಾಗೆ ಎಂಬ ಸಾಮಾನ್ಯೀಕರಣವು ಒಂದೇ ಸಮುದಾಯದೊಳಗಿನ ಭಿನ್ನತೆಯನ್ನು ಮರೆಸುತ್ತದೆ.

ಮೂರನೆಯದಾಗಿ, ತರಗತಿಯಲ್ಲಿರುವ ದಲಿತ, ಆದಿವಾಸಿ ಅಥವಾ ಅಲ್ಪಸಂಖ್ಯಾತ ವಿದ್ಯಾರ್ಥಿಯನ್ನು ಆತನ ಅಥವಾ ಆಕೆಯ ಇಡೀ ಸಮುದಾಯದ ಪ್ರತಿನಿಧಿಯಂತೆ ಮಾತನಾಡಿಸುವ ಅಪಾಯವಿದೆ. ಅನುಭವವನ್ನು ಹೇಳಿಕೊಳ್ಳುವುದು ವಿದ್ಯಾರ್ಥಿಯ ಆಯ್ಕೆಯಾಗಿರಬೇಕೇ ಹೊರತು ಅಂಕಗಳಿಗಾಗಿ ಕಡ್ಡಾಯವಾಗಬಾರದು. ಪ್ರಕಟಿತ ಆತ್ಮಕಥೆ ಮತ್ತು ಅಧ್ಯಯನಗಳನ್ನು ಆಕರವಾಗಿ ಬಳಸುವುದರಿಂದ ಈ ಹೊರೆಯನ್ನು ತಗ್ಗಿಸಬಹುದು.

ನಾಲ್ಕನೆಯದಾಗಿ, ಆಕರ್ಷಕವಾದ ಎಲ್ಲ ಸಂಶೋಧನೆಗಳೂ ಸಮಾನವಾಗಿ ದೃಢಪಟ್ಟಿಲ್ಲ. ಪಡಿಯಚ್ಚಿನ ಬೆದರಿಕೆ ಮತ್ತು ಬಡತನದ ಬೌದ್ಧಿಕ ಹೊರೆಯ ಕುರಿತ ಕೆಲವು ಫಲಿತಾಂಶಗಳ ಪ್ರಮಾಣ ಮತ್ತು ವಿವರಣೆಯ ಬಗ್ಗೆ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ನ್ಯಾಯದ ಉದ್ದೇಶವು ಪುರಾವೆಯ ಕೊರತೆಯನ್ನು ತುಂಬಲಾರದು. ಮಾನಕ ಯಾರದು, ಎಷ್ಟು ಜನರನ್ನು ಆಧರಿಸಿದೆ ಎಂದು ಬಿನೆ-ಕಾಮತ್ ಪರೀಕ್ಷೆಗೆ ಕೇಳುವ ಪ್ರಶ್ನೆಯನ್ನು ಈ ಅಧ್ಯಯನಗಳಿಗೂ ಕೇಳಬೇಕಾಗುತ್ತದೆ.

ಪರೀಕ್ಷಾಕೇಂದ್ರಿತ ಕಲಿಕೆ, ಕನ್ನಡದಲ್ಲಿ ಉನ್ನತ ಮಟ್ಟದ ಪಠ್ಯಗಳ ಅಭಾವ ಮತ್ತು ಸ್ಥಳೀಯ ಮಾನಕಗಳ ಕೊರತೆಗಳು ಪ್ರಾಯೋಗಿಕ ಅಡಚಣೆಗಳಾಗಿ ಉಳಿದಿವೆ.

ಇವನ್ನೂ ನೋಡಿ

ಸಾಮಾಜಿಕ ಮನೋವಿಜ್ಞಾನ
ಬುದ್ಧಿಮಾಪನ
ಎಂ. ವಿ. ಗೋಪಾಲಸ್ವಾಮಿ
ನಿಮ್ಹಾನ್ಸ್
ಇರುಳಿಗರು
ಚನ್ನಪಟ್ಟಣದ ಗೊಂಬೆಗಳು
ಸಿದ್ಧಲಿಂಗಯ್ಯ